ನೋವಾಗಲ್ಲ, ಬಾ

ಬಸ್ಸಿನಲ್ಲಿ ಅಮ್ಮನನ್ನು ಕಿಟಕಿಯ ಪಕ್ಕ ಕೂರಿಸಿ, ತಾನು ಸೀಟಿನ ಅಂಚಿನಲ್ಲಿ ಅರ್ಧ ಕೂತು ಅರ್ಧ ತೂಗುತ್ತಿದ್ದವನಿಗೆ, ಮಧ್ಯಾಹ್ನದೊಳಗೆ ಅಮ್ಮನಿಗೆ ಎಲ್ಲ ಗೊತ್ತಾಗಿಬಿಡುತ್ತದೆ ಎಂಬ ಯೋಚನೆ ಹುಳುಕುಹಲ್ಲಿನ ನೋವಿನ ಹಾಗೆ ಬರುತ್ತಿತ್ತು, ಹೋಗುತ್ತಿತ್ತು, ಹೋಯಿತೆಂದು ನಾಲಗೆ ತಾಗಿಸಿ ನೋಡಿದರೆ ಮತ್ತೆ ಬರುತ್ತಿತ್ತು. ಅಮ್ಮ ಬೆಳಗಿನಿಂದ ಮಾತಾಡಿರಲಿಲ್ಲ. ಗಂಟಲು ಉಳಿಸಿಕೊಳ್ಳಬೇಕು ಎಂದು ನಿನ್ನೆಯೇ ಸಾರಿಬಿಟ್ಟಿದ್ದಳು. ಇನ್ನಷ್ಟು ತಿಂಡಿ ಬೇಕಾ ಎಂದರೆ ಕೈಯಾಡಿಸಿ, ಬೀಗ ಹಾಕಿದೆಯಾ ಎಂದು ಕೇಳಲು ಗಾಳಿಯಲ್ಲಿ ಬೆರಳು ತಿರುಗಿಸಿ, ಕಂಡಕ್ಟರ್ ಬಂದಾಗ ಎರಡು ಬೆರಳೆತ್ತಿ ತೋರಿಸಿದಳು. ಮಾತು ಬಾರದವಳೆಂದುಕೊಂಡ ಆತ ಪಾಪ ಎನ್ನುವ ಹಾಗೆ ಮುಖ ಮಾಡಿಕೊಂಡು ಟಿಕೆಟ್ಟನ್ನು ಮೆತ್ತಗೆ ಅವಳ ಅಂಗೈಯಲ್ಲಿಟ್ಟಾಗ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿಬಿಟ್ಟಳು. ಮಡಿಲಲ್ಲಿ ಬಿಸಿನೀರಿನ ಫ್ಲಾಸ್ಕು. ಯಾರದಾದರೂ ಮದುವೆಗೆ ಮಾತ್ರ ಬೀರುವಿನಿಂದ ಹೊರಗೆ ಬರುವ ಬಟ್ಟೆ ಇವತ್ತು ಬಂದಿತ್ತು. ದನಿಯನ್ನಷ್ಟೇ ಹಿಡಿಯುವುದಮ್ಮ, ಬಟ್ಟೆಯನ್ನು ಯಾರೂ ನೋಡುವುದಿಲ್ಲ ಎಂದು ಅವನು ಹೇಳಿ ನೋಡಿದ್ದ. ಅಮ್ಮ ಹುಬ್ಬು ಹಾರಿಸಿದ್ದಳು, ಅಷ್ಟೆ. ಪಕ್ಕದ ಮನೆಯವಳಿಗೆ, ಹಾಲಿನವನಿಗೆ, ಔಷಧಿ ಅಂಗಡಿಯವನಿಗೆ, ಕೊನೆಗೆ ತಾನು ವರ್ಷಗಟ್ಟಲೆ ದುಡಿದ ಹಲ್ಲಿನ ಡಾಕ್ಟರಿಗೂ ಫೋನ್ ಮಾಡಿ ಹೇಳಿದ್ದಳು: "ಆಸ್ಪತ್ರೆ ಅಂದ್ರೆ ಹೆದರ್ತಾವಲ್ಲ ಮಕ್ಳು, ಅವಕ್ಕೆ ಧೈರ್ಯ ಬರ್ಲಿ ಅಂತ ನನ್ನ ಮಗ ಕಂಪ್ಯೂಟರಲ್ಲಿ ಒಂದು ಆಟ ಮಾಡ್ತಿದಾನೆ. ಅದ್ರಲ್ಲಿ ಮಾತಾಡೋಳು ನಾನೇ."

ಆ ಆಟ ಆಸ್ಪತ್ರೆಯದಲ್ಲ. ಮಕ್ಕಳದ್ದಂತೂ ಅಲ್ಲವೇ ಅಲ್ಲ. ಭೂಮಿಯ ಮೇಲಿನದೆಲ್ಲ ಸುಟ್ಟು ಬೂದಿಯಾದ ಎಷ್ಟೋ ಕಾಲದ ಮೇಲೆ, ಆಡುವವನು ಒಂಟಿಯಾಗಿ ಅಲೆಯುತ್ತಾ ನೆಲದಡಿಯ ಬಂಕರುಗಳನ್ನು ಒಂದೊಂದಾಗಿ ಹುಡುಕಿ ಒಳಗಿಳಿಯುತ್ತಾನೆ. ಜನರನ್ನು ಉಳಿಸಲು ಎಂದು ಯಾವುದೋ ಕಂಪನಿ ಕಟ್ಟಿದ ಬಂಕರುಗಳು ಅವು. ಆದರೆ ಕಂಪನಿಯವರು ಉಳಿಸುವ ನೆಪದಲ್ಲಿ ಒಂದೊಂದರಲ್ಲೂ ಒಂದೊಂದು ಪರೀಕ್ಷೆ ಇಟ್ಟಿದ್ದರು. ಒಂದರಲ್ಲಿ ಎಲ್ಲರಿಗೂ ಸಾಲುವಷ್ಟು ಅನ್ನವಿದ್ದರೂ ಒಬ್ಬನ ಕೈಗೇ ಉಗ್ರಾಣದ ಕೀಲಿ. ಇನ್ನೊಂದರಲ್ಲಿ ನೆರೆಯವರ ಮೇಲೆ ದೂರು ಹೇಳಿದವರಿಗೆ ಒಂದು ಗಂಟೆ ಹೆಚ್ಚು ಬೆಳಕು. ಆಫೀಸಿನಲ್ಲಿ ಬರೆಯುವವರು ಬಂಕರುಗಳನ್ನು ಹಂಚಿಕೊಂಡಿದ್ದರು, ಅಣ್ಣತಮ್ಮಂದಿರು ಮನೆ ಹಂಚಿಕೊಂಡ ಹಾಗೆ, ನನ್ನದು ಚಿಕ್ಕದು ನಿನ್ನದು ದೊಡ್ಡದು ಎಂದು ಜಗಳವಾಡಿಕೊಂಡೇ. ಅವನ ಪಾಲಿಗೆ ಬಂದದ್ದರಲ್ಲಿ ಕ್ರೌರ್ಯ ಎನ್ನುವಂಥದ್ದು ಏನೂ ಇರಲಿಲ್ಲ. ಬೆಚ್ಚಗಿನ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ಗೋಡೆಗೊಂದು ಸ್ಪೀಕರ್, ಆ ಸ್ಪೀಕರಿನಲ್ಲಿ ಒಬ್ಬ ಹೆಂಗಸಿನ ದನಿ. ಒಳಗಿನವರು ಅದನ್ನು ಅಮ್ಮ ಎಂದು ಕರೆಯುತ್ತಾರೆ. ಆ ದನಿ ಬೆಳಿಗ್ಗೆ ಎಬ್ಬಿಸುತ್ತದೆ, ಹೆಸರು ಹಿಡಿದು ಕೆಮ್ಮು ವಾಸಿಯಾಯಿತಾ ಎಂದು ಕೇಳುತ್ತದೆ, ಬಾಗಿಲ ಹತ್ತಿರ ಹೋಗಬೇಡಿ ಹೊರಗಿನ ಗಾಳಿ ಒಳ್ಳೆಯದಲ್ಲ ಎಂದು ಎಚ್ಚರಿಸುತ್ತದೆ. ಬಾಗಿಲಿಗೆ ಬೀಗವಿಲ್ಲ. ಹೊರಗಿನ ಗಾಳಿ ತಿಳಿಯಾಗಿ ಎಷ್ಟೋ ವರ್ಷವಾಗಿದೆ. ಇಷ್ಟು ಪ್ರೀತಿಯಿಂದ ಹೇಳಿದ ಸುಳ್ಳನ್ನು ಜನ ಎಷ್ಟು ಕಾಲ ನಂಬುತ್ತಾರೆ ಎಂಬುದೇ ಪರೀಕ್ಷೆ. ಸಾಯುವವರೆಗೂ ನಂಬುತ್ತಾರೆ ಎಂದು ಅವನು ಬರೆದಿದ್ದ. ಬರೆಯುವಾಗ ತನ್ನೊಳಗೆ ಇದ್ದದ್ದು ಸಿಟ್ಟು ಎಂದು ಅವನಿಗೆ ಗೊತ್ತಿತ್ತು. ಯಾರ ಮೇಲೆ ಎಂಬುದನ್ನು ಮಾತ್ರ ಕೇಳಿಕೊಳ್ಳಲು ಹೋಗಿರಲಿಲ್ಲ.

ಮೊದಲು ಒಬ್ಬ ನಟಿಯನ್ನು ಕರೆಸಿದ್ದರು. ಆಕೆ ಚೆನ್ನಾಗಿಯೇ ಮಾತಾಡಿದಳು, ಆದರೆ ಸ್ಪೀಕರಿನಿಂದ ಬಂದದ್ದು ರೈಲು ತಡವಾಗಿ ಬರಲಿದೆ ಎನ್ನುವ ದನಿ. ಇವಳ ಮಾತು ಕೇಳಿ ಯಾರೂ ಒಳಗೆ ಕೂರುವುದಿಲ್ಲ, ಹಾರಿಕೊಂಡು ಓಡಿಹೋಗುತ್ತಾರೆ ಎಂದು ಧ್ವನಿಯ ಕೆಲಸ ನೋಡಿಕೊಳ್ಳುವ ಕಿವಿಯಣ್ಣ ನಕ್ಕಿದ್ದ. ಪಕ್ಕದ ಕೋಣೆಯಲ್ಲಿ ಯಾರ ಹೊಟ್ಟೆ ಗುಡುಗಿದರೂ ತನಗೆ ಕೇಳುತ್ತದೆ ಎಂದು ಕೊಚ್ಚಿಕೊಳ್ಳುವ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಆ ಸಂಜೆ ಮನೆಗೆ ಹೋದಾಗ ಅಮ್ಮ ಮೆಟ್ಟಿಲ ಮೇಲೆ ಪಕ್ಕದ ಮನೆಯ ಮಗುವಿನ ಅಂಗಾಲಿನಿಂದ ಮುಳ್ಳು ತೆಗೆಯುತ್ತಿದ್ದಳು. "ನೋವಾಗಲ್ಲ ಮರಿ, ಸುಮ್ನೆ ನೋಡ್ತೀನಿ ಅಷ್ಟೆ, ಮುಟ್ಟೋದೂ ಇಲ್ಲ." ಮಗು ಕಾಲು ಕೊಟ್ಟಿತ್ತು. ಇಡೀ ಜನ್ಮ ಅವಳು ಮಾಡಿದ್ದು ಅದೇ. ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಅಳುತ್ತಾ ಕೂತ ಮಕ್ಕಳನ್ನು ಕೈಹಿಡಿದು ಒಳಗೆ ಕರೆದೊಯ್ಯುವುದು. ನೋವಾಗಲ್ಲ, ಬಾ. ಶಾಲೆ ಬಿಟ್ಟ ಮೇಲೆ ಅವನೂ ಅಲ್ಲೇ ಬೆಂಚಿನ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದ. ಒಳಗಿನಿಂದ ಚೀರಾಟ ಕೇಳುತ್ತಿತ್ತು. ಬಾಯಿತುಂಬ ಹತ್ತಿ ಕಚ್ಚಿಕೊಂಡು ಹೊರಬಂದ ಮಗು, ತನಗೆ ಹಸಿಹಸಿ ಸುಳ್ಳು ಹೇಳಿದ ಅದೇ ಹೆಂಗಸಿನ ಸೊಂಟಕ್ಕೆ ಮುಖ ಒತ್ತಿಕೊಂಡು ಅಳುತ್ತಿತ್ತು. ಅದನ್ನು ನೋಡಿ ಅವನಿಗೆ ಪ್ರತಿಸಲವೂ ಆಶ್ಚರ್ಯವಾಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಮಾರನೆಯ ದಿನ ಮೈಕನ್ನು ಮನೆಗೆ ತಂದು, ಕಿಟಕಿಗೆ ಕಂಬಳಿ ಕಟ್ಟಿ, ಆಸ್ಪತ್ರೆಯ ಆಟ ಎಂದು ಹೇಳಿ ಅಮ್ಮನ ಹತ್ತಿರ ನಾಲ್ಕು ಮಾತು ಆಡಿಸಿದ್ದ. ಆಫೀಸಿನಲ್ಲಿ ಅದನ್ನು ಕೇಳಿಸಿದಾಗ ಎಲ್ಲರೂ ಇನ್ನೊಮ್ಮೆ ಹಾಕು ಎಂದರು. ಆಡಿ ನೋಡಲು ಇಟ್ಟುಕೊಂಡಿದ್ದ ಒಬ್ಬ ಹುಡುಗಿಯಂತೂ ಬಂಕರಿನಿಂದ ಹೊರಗೆ ಬರದೆ ಊಟದ ಹೊತ್ತು ಮೀರುವವರೆಗೂ ಸ್ಪೀಕರಿನ ಕೆಳಗೇ ನಿಂತಿದ್ದಳು. ಕೇಳಿದರೆ, ಬಿಡುವಾಯಿತಲ್ಲ ಸುಮ್ಮನೆ ನಿಂತಿದ್ದೆ ಎಂದಳು.

ಈ ಕೆಲಸದ ಒಂದು ರೀತಿಯೇ ಅವನನ್ನು ಇಷ್ಟು ದಿನ ಕಾಪಾಡಿತ್ತು. ದನಿ ಕೊಡುವವರಿಗೆ ಕಥೆ ಹೇಳುವ ಪದ್ಧತಿ ಇಲ್ಲ. ಮಾತುಗಳನ್ನು ಹಿಂದುಮುಂದು ಮಾಡಿ, ಬಿಡಿಬಿಡಿಯಾಗಿ ಪರದೆಯ ಮೇಲೆ ತೋರಿಸುತ್ತಾರೆ, ಅವರು ಓದುತ್ತಾರೆ. ಹನ್ನೊಂದನೆಯ ಮಾತಿನ ಪಕ್ಕ ಎರಡನೆಯದು, ಸಾವಿನ ಪಕ್ಕ ತಿಂಡಿ. 'ಇವತ್ತು ನಿಮ್ಮ ಸರದಿ, ಎದ್ದು ಬನ್ನಿ.' ಅಮ್ಮನಿಗೆ ಅದು ಆಸ್ಪತ್ರೆ. 'ದೀಪ ಆರುತ್ತೆ, ಹೆದರಬೇಡಿ, ನಾನಿಲ್ಲೇ ಇದ್ದೀನಿ.' ಆಪರೇಷನ್ ಇರಬೇಕು, ಪಾಪ. ಇಷ್ಟು ದಿನ ಅಮ್ಮ ಮನೆಯಲ್ಲೇ ಮೈಕಿನ ಮುಂದೆ, ಕಾಣದ ಮಗುವೊಂದನ್ನು ಎದುರಿಗೆ ಕೂರಿಸಿಕೊಂಡು, ಬರೆದದ್ದಕ್ಕೆ ತನ್ನದೂ ಎರಡು ಮಾತು ಸೇರಿಸಿ ಹೇಳುತ್ತಿದ್ದಳು. "ಕಾಲು ಚಾಚ್ಕೊ, ಹಾಂ, ಹಾಗೆ." ಅಂಥವನ್ನು ಕತ್ತರಿಸಿ ತೆಗೆಯಲು ಕಿವಿಯಣ್ಣನಿಗೆ ಮನಸ್ಸಾಗದೆ ಹಾಗೇ ಬಿಟ್ಟಿದ್ದ. ಉಳಿದದ್ದು ನಾಲ್ಕಾರು ಚಿಲ್ಲರೆ ಮಾತು, ಮತ್ತೆ ಆ ಕೊನೆಯ ಮಾತು. ಬಂಕರಿನಲ್ಲಿ ಆಡುವವನು ಕಟ್ಟಕಡೆಯ ಗುಂಡಿ ಒತ್ತಿದಾಗ ಬರುವ ಮಾತು, ದನಿ ತಾನೇ ಬಾಯಿಬಿಟ್ಟು ಎಲ್ಲವನ್ನೂ ಒಪ್ಪಿಕೊಳ್ಳುವುದು. ಅದನ್ನು ಹಳೆಯ ತುಣುಕುಗಳಿಂದಲೇ ಜೋಡಿಸಲು ಆಗುತ್ತದೇನೋ ಎಂದು ಅವನು ಕಿವಿಯಣ್ಣನನ್ನು ಕೇಳಿ ನೋಡಿದ್ದ. ತೇಪೆ ಕಾಣುತ್ತದೆ ಎಂದಿದ್ದ ಅವನು. ಹಾಗಾದರೆ ಅದನ್ನೂ ಚೂರುಚೂರು ಮಾಡಿ, ಬೇರೆ ಮಾತುಗಳ ನಡುವೆ ಬೆರೆಸಿ, ಅಮ್ಮನಿಗೆ ಸುಳಿವು ಸಿಗದ ಹಾಗೆ ಇವತ್ತು ಮುಗಿಸಿಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಉಪಾಯ. ಅವನಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ.

ಆಫೀಸಿನ ಬಾಗಿಲಲ್ಲಿ ಮೇಡಂ ನಿಂತಿದ್ದಳು. ಅಲ್ಲಿದ್ದವರಲ್ಲೇ ವಯಸ್ಸಿನಲ್ಲಿ ಚಿಕ್ಕವಳು, ಅಧಿಕಾರದಲ್ಲಿ ದೊಡ್ಡವಳು, ಹಾಗಾಗಿ ಆ ಹೆಸರಿನಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಆಟದ ನಿರ್ದೇಶನವೆಲ್ಲ ಅವಳದೇ. ಅಮ್ಮನ ಎರಡೂ ಕೈ ಹಿಡಿದುಕೊಂಡು, "ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ದಿನದಿಂದ ಕಾಯ್ತಿದೀನಿ ಗೊತ್ತಾ ಆಂಟಿ? ನಿಮ್ಮ ದನಿ ಕೇಳಿದ್ರೆ ನಮ್ಮ ಹುಡುಗ್ರಿಗೆ ಮೈ ಜುಮ್ಮನ್ನುತ್ತೆ," ಎಂದಳು. ಅಮ್ಮ ಗಂಟಲು ಉಳಿಸುವುದನ್ನು ಮರೆತು, "ಅಯ್ಯೋ, ಮಕ್ಕಳಿಗೆ ಜುಮ್ಮನ್ನಿಸಬಾರ್ದಮ್ಮ, ಸಮಾಧಾನ ಆಗ್ಬೇಕು," ಎಂದಳು. ಮೇಡಂ ಅದನ್ನು ಹಾಸ್ಯವೆಂದುಕೊಂಡು ಬಿದ್ದು ಬಿದ್ದು ನಕ್ಕಳು. ನಕ್ಕವಳ ಜೊತೆ ಅಮ್ಮನೂ ನಕ್ಕಳು. ಇಬ್ಬರ ನಡುವೆ ನಿಂತು ಅವನೂ ಹಲ್ಲು ತೋರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ಗೋಡೆಯ ಮೇಲಿದ್ದ ಬಂಕರಿನ ದೊಡ್ಡ ಚಿತ್ರಕ್ಕೆ ತನ್ನ ಬೆನ್ನನ್ನು ಅಡ್ಡ ಕೊಟ್ಟು ನಿಂತ. ಆಮೇಲೆ ಅದು ಎಷ್ಟು ನಾಚಿಕೆಗೇಡು ಎನ್ನಿಸಿ ಅಲ್ಲಿಂದ ಸರಿದ. ಅಮ್ಮ ಚಿತ್ರವನ್ನು ನೋಡಿದಳು. ಸಾಲು ಮಂಚಗಳು, ಹಸಿರು ದೀಪ. "ವಾರ್ಡು ಚೆನ್ನಾಗಿ ಬರೆದಿದಾರೆ," ಎಂದಳು.

ರೆಕಾರ್ಡಿಂಗ್ ಕೋಣೆಯ ಒಳಗೆ, ಗಾಜಿನ ಆಚೆ, ಅಮ್ಮ ಹೆಡ್‌ಫೋನ್ ಹಾಕಿಕೊಂಡು ಕೂತಾಗ ಇದ್ದಕ್ಕಿದ್ದ ಹಾಗೆ ಚಿಕ್ಕವಳಾಗಿ ಕಂಡಳು. ಈಚೆಗೆ ಮೇಜಿನ ಮುಂದೆ ಕಿವಿಯಣ್ಣ, ಅವನ ಪಕ್ಕ ಇವನು, ಹಿಂದಿನ ಸೋಫಾದಲ್ಲಿ ಮೇಡಂ. ಒಳಗಿನವರ ಮಾತು ಈಚೆಗೆ ಯಾವಾಗಲೂ ಕೇಳುತ್ತದೆ. ಈಚಿನವರ ಮಾತು ಒಳಗೆ ಕೇಳಬೇಕಾದರೆ ಮೇಜಿನ ಮೇಲಿನ ಕೆಂಪು ಗುಂಡಿಯನ್ನು ಒತ್ತಿ ಹಿಡಿಯಬೇಕು. ಅಮ್ಮ ಹೊಸ ಮಾತುಗಳನ್ನು ಒಂದೊಂದಾಗಿ ಹೇಳುತ್ತಾ ಹೋದಳು. 'ಯಾರೋ ಬೆಳಿಗ್ಗೆ ಹಾಡ್ತಿದ್ದರಲ್ಲ, ನಿಲ್ಲಿಸಿದ್ದು ಯಾಕೆ?' ಸ್ಪೀಕರಿನಿಂದ ಆ ದನಿ ಕೋಣೆಯ ತುಂಬ ಹರಡಿತು. ಅವನು ಕಣ್ಣು ಮುಚ್ಚಿದರೆ ಅಡುಗೆಮನೆಯ ಬಾಗಿಲು, ಬಾಗಿಲಿಗೊರಗಿ ಸೌಟು ಹಿಡಿದ ಅಮ್ಮ, ಅವನ ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು. ನಿನ್ನೆ ಅಪ್ಪ ಫೋನ್ ಮಾಡಿದ್ರು ಕಣೋ, ನೀನು ಮಲಗಿಬಿಟ್ಟಿದ್ದೆ. ಅಪ್ಪ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆ ಕೆಲಸಕ್ಕಿದ್ದರು, ಅಲ್ಲಿಂದ ಫೋನ್ ಸಿಗುವುದೇ ಅಪರೂಪ, ಸಿಕ್ಕಾಗ ಅವನು ಮಲಗಿರುತ್ತಿದ್ದ. ಕೆಮ್ಮು ವಾಸಿಯಾಯ್ತಾ ಅಂತ ಕೇಳಿದ್ರು. ಅಲ್ಲಿ ಮೀನು ಹಾರಿ ಹಾರಿ ಅಡುಗೆ ಕೋಣೆಗೇ ಬೀಳುತ್ತಂತೆ, ಹಿಡಿಯೋ ಕಷ್ಟವೇ ಇಲ್ವಂತೆ. ಅಂಥ ಕಥೆಯನ್ನು ಅವಳು ನಿಂತ ನಿಲುವಿನಲ್ಲಿ ಎಲ್ಲಿಂದ ತರುತ್ತಿದ್ದಳೋ. ಅವನು ಅವನ್ನೆಲ್ಲ ತರಗತಿಯಲ್ಲಿ ಹೇಳುತ್ತಿದ್ದ. ಹಾರುವ ಮೀನು ಎಂದು ಅವನಿಗೆ ಹೆಸರೂ ಬಿದ್ದಿತ್ತು.

ಆರನೆಯ ಕ್ಲಾಸಿನಲ್ಲಿದ್ದಾಗ ಒಂದು ದಿನ ಶಾಲೆ ಬೇಗ ಬಿಟ್ಟಿತ್ತು. ಗೆಳೆಯನೊಬ್ಬನ ಸೈಕಲ್ಲಿನ ಹಿಂದೆ ಕೂತು ಊರಿನ ಇನ್ನೊಂದು ತುದಿಗೆ ಹೋಗಿದ್ದ. ಗಾಳಿ ಹಾಕಿಸಲು ಸೈಕಲ್ ನಿಲ್ಲಿಸಿದ ಕಡೆ, ಪಕ್ಕದಲ್ಲೊಂದು ಕ್ಷೌರದಂಗಡಿ. ಬಾಗಿಲಲ್ಲಿ ಮಣಿಯ ಪರದೆ. ಒಳಗಿನ ಬೆಂಚಿನ ಮೇಲೆ ಕಾಲು ನೆಲಕ್ಕೆಟುಕದ ಒಂದು ಹುಡುಗಿ ಕೂತು, ಕಾಲು ಆಡಿಸುತ್ತಾ, "ಅಪ್ಪಾ, ಇನ್ನೂ ಎಷ್ಟು ಹೊತ್ತು?" ಎಂದಿತು. ಕುರ್ಚಿಯಲ್ಲಿದ್ದವನು, "ಆಯ್ತು ಪುಟ್ಟಾ," ಎಂದ. ಕೆನ್ನೆಯ ತುಂಬ ನೊರೆ ಇದ್ದರೂ ಆ ದನಿ ಗೊತ್ತಾಗದೆ ಇರುತ್ತದೆಯೇ. ಅವನು ಪರದೆಯ ಮಣಿಗಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಅಲ್ಲಿಂದ ಮುಂದಿನದನ್ನು ಅವನು ನೆನೆಯುವುದಿಲ್ಲ, ನೆನಪು ಅಲ್ಲಿಗೆ ಬಂದಾಗಲೆಲ್ಲ ಬೇಗ ದಾಟಿಸಿ ಮನೆಗೆ ಕರೆತಂದುಬಿಡುತ್ತಾನೆ. ಮನೆಯಲ್ಲಿ ಅಮ್ಮ ಬಟ್ಟೆ ಮಡಿಸುತ್ತಿದ್ದಳು. ನೀನು ಶಾಲೆಗೆ ಹೋದ ಮೇಲೆ ಅಪ್ಪನ ಫೋನ್ ಬಂದಿತ್ತು ಎಂದಳು. ಅವನು ಚೀಲ ಇಳಿಸಿ, ಅವಳ ಪಕ್ಕ ಕೂತು, ಅಂಗಿಯ ತೋಳೊಂದನ್ನು ಹಿಡಿದುಕೊಂಡು, "ಹೌದಾ? ಏನಂದ್ರು?" ಎಂದು ಕೇಳಿದ. ಅಮ್ಮ ತುಂಬ ಹೊತ್ತು ಹೇಳಿದಳು. ಅದಾದ ಮೇಲೆ ಒಂದೆರಡು ವರ್ಷ ಹಾಗೇ ನಡೆಯಿತು. ಫೋನುಗಳು ಅಪರೂಪವಾದವು, ಕಥೆಗಳು ಚಿಕ್ಕವಾದವು, ಆಮೇಲೆ ನಿಂತವು. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಪ್ಪ ಎಂಬ ಪದವೇ ಮನೆಯಲ್ಲಿ ಯಾರೂ ಕೂರದ ಕುರ್ಚಿಯಾಯಿತು.

"ಇನ್ನು ಕೊನೇದು ತೆಗೀರಿ," ಎಂದಳು ಹಿಂದಿನಿಂದ ಮೇಡಂ. ಅದನ್ನು ತುಂಡು ಮಾಡಿ ತೆಗೆಯೋಣ ಎಂದು ಅವನು ಗೊಣಗಿದ. "ತುಂಡು ಮಾಡೋದಾ? ಅದು ಒಂದೇ ಉಸಿರಲ್ಲಿ ಬರ್ಬೇಕು. ನೀವೇ ಬರೆದಿದ್ದಲ್ವಾ?" ಕಿವಿಯಣ್ಣ ಅವನ ಮುಖ ನೋಡಿದ, ನೋಡಿ ಬೇರೆ ದಾರಿ ಕಾಣದೆ ಕೀಲಿ ಒತ್ತಿದ. ಒಳಗಿನ ಪರದೆಯ ಮೇಲೆ ಇಡೀ ಮಾತು ಬಂತು. 'ಮಕ್ಕಳೇ, ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು. ಹೊರಗಿನ ಗಾಳಿ ಎಂದೋ ತಿಳಿಯಾಗಿತ್ತು. ಈ ಬಾಗಿಲಿಗೆ ಬೀಗವೇ ಇರಲಿಲ್ಲ. ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದೆವು. ನೀವು ಯಾರೂ ಒಮ್ಮೆಯೂ ತಳ್ಳಿ ನೋಡಲಿಲ್ಲ.' ಅಮ್ಮ ಕನ್ನಡಕ ಸರಿಮಾಡಿಕೊಂಡು ತುಟಿಯಾಡಿಸುತ್ತಾ ಓದಿದಳು. ಮತ್ತೊಮ್ಮೆ ಮೊದಲಿನಿಂದ ಓದಿದಳು. ಅವಳ ಬೆರಳು ಫ್ಲಾಸ್ಕಿನ ಮುಚ್ಚಳದ ಮೇಲೆ ನಿಂತಿತ್ತು.

"ಇದು ಆಸ್ಪತ್ರೆ ಅಲ್ವಲ್ಲೋ," ಎಂದಳು ಅಮ್ಮ.

"ಆಸ್ಪತ್ರೆನಾ? ಯಾವ ಆಸ್ಪತ್ರೆ?" ಎಂದಳು ಮೇಡಂ.

ಅವನ ಕಿವಿ ಬಿಸಿಯಾಯಿತು. ಇಬ್ಬರಿಗೂ ಒಂದೇ ಉತ್ತರ ಕೊಡಬೇಕಾಗಿತ್ತು, ಒಬ್ಬಳು ಮುಂದೆ, ಒಬ್ಬಳು ಹಿಂದೆ. ಇಷ್ಟು ವಯಸ್ಸಾದ ಮೇಲೂ ಅಮ್ಮನ ಹತ್ತಿರ ಸುಳ್ಳು ಹೇಳಿ ಕೆಲಸ ಮಾಡಿಸಿಕೊಂಡವನು ಎಂದು ಆಫೀಸಿನ ಮುಂದೆ ಬಯಲಾಗುವುದು ಅಷ್ಟೇನೂ ದೊಡ್ಡ ಅವಮಾನವಲ್ಲ, ಆದರೂ ಅಂಗಿಯೊಳಗೆ ಇರುವೆ ಬಿಟ್ಟ ಹಾಗಾಯಿತು. ಗುಂಡಿ ಒತ್ತಿ, ತಡವರಿಸುತ್ತಾ, ಎಲ್ಲ ಹೇಳಿದ. ಬಂಕರು, ಕಂಪನಿ, ಪರೀಕ್ಷೆ, ದನಿ. ಹೇಳುತ್ತಾ ಹೋದ ಹಾಗೆ ಅದೆಲ್ಲ ಎಷ್ಟು ಪೆದ್ದುಪೆದ್ದಾಗಿದೆ ಎನ್ನಿಸಿತು. ಅಮ್ಮ ಪ್ರಶ್ನೆ ಕೇಳಿದ್ದು ಒಂದೇ.

"ಒಳಗಿದ್ದ ಜನ ಕೊನೆಗೆ ಏನಾದ್ರು?"

"ಅಲ್ಲೇ ಇದ್ರು. ವಯಸ್ಸಾಗಿ... ಅಲ್ಲೇ ಹೋದ್ರು."

"ನನ್ನ ಮಾತು ನಂಬ್ಕೊಂಡು?"

"ಆಟ ಅಮ್ಮ. ಬರೀ ಆಟ."

"ಗೊತ್ತು ಕಣೋ. ನಾನೇನು ಮಗುನಾ?" ಎಂದ ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ನೀರು ಬಗ್ಗಿಸಿಕೊಂಡು, ಊದಿ ಊದಿ ಕುಡಿದಳು. ಗುಟುಕು ಗುಟುಕೂ ಸ್ಪೀಕರಿನಲ್ಲಿ ಕೇಳಿಸಿತು. ಅವನು ಗಾಜಿನ ಮೇಲೆ ತನ್ನ ನೆರಳನ್ನು ನೋಡುತ್ತಾ ಕೂತ. ಅವಳಿಗೆ ಬೇಸರವಾಗಿದೆಯೋ, ಅರ್ಥವೇ ಆಗಿಲ್ಲವೋ, ಎಲ್ಲ ಅರ್ಥವಾಗಿಬಿಟ್ಟಿದೆಯೋ. ಮೂರನೆಯದು ಆಗದಿರಲಿ ಎಂದು ಅವನಿಗೆ ಬೇಡಿಕೊಳ್ಳುವಂತಾಯಿತು. ಕಂಪನಿ ಎಂದರೆ ಯಾವುದೋ ಕಂಪನಿ, ಅಮ್ಮ ಎಂದರೆ ಯಾವುದೋ ಅಮ್ಮ ಎಂದುಕೊಂಡರೆ ಸಾಕು. ಮಗ ತನ್ನನ್ನೇ ಸುಳ್ಳಿನ ಸ್ಪೀಕರ್ ಮಾಡಿ ಗೋಡೆಗೆ ಹೊಡೆದಿದ್ದಾನೆ ಎಂದು ಅವಳಿಗೆ ತಿಳಿಯಬಾರದು. ಮೇಡಂ ಬಗ್ಗಿ ಗುಂಡಿ ಒತ್ತಿ, ಬೇಜಾರು ಮಾಡ್ಕೋಬೇಡಿ ಆಂಟಿ, ಬೇಡ ಅಂದ್ರೆ ಬೇಡ ಎಂದಳು. ನಿಜವಾದ ಕಾಳಜಿಯಿಂದಲೇ ಹೇಳಿದಳು. ಅಮ್ಮ ತಲೆಯಾಡಿಸಿ, "ಹೇಳ್ತೀನಿ. ಹೇಗೆ ಹೇಳ್ಬೇಕು?" ಎಂದಳು.

"ತಣ್ಣಗೆ. ಅಷ್ಟು ವರ್ಷ ಇದ್ದ ಪ್ರೀತಿ ಎಲ್ಲಾ ನಾಟಕ ಅಂತ ಗೊತ್ತಾಗ್ಬೇಕು. ಕೇಳೋರಿಗೆ ಎದೆ ಧಸಕ್ ಅನ್ಬೇಕು," ಎಂದಳು ಮೇಡಂ.

ಅಮ್ಮ ಪ್ರಯತ್ನಿಸಿದಳು. 'ಮಕ್ಕಳೇ' ಎಂಬಲ್ಲಿಯೇ ಎಡವಿತು. ಆ ಪದವನ್ನು ತಣ್ಣಗೆ ಹೇಳಲು ಅವಳಿಗೆ ಬರಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ನೀರಿನವನ ಜೊತೆ ಜಗಳಕ್ಕೆ ನಿಂತ ಹಾಗಾಯಿತು, ಕಿವಿಯಣ್ಣ ನಗು ನುಂಗಿಕೊಂಡ. ಮತ್ತೂ ಒಮ್ಮೆ. ಆಮೇಲೆ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, "ನಂಗೊಂದು ಅರ್ಥ ಆಗಲ್ಲಮ್ಮ," ಎಂದಳು. "ಸುಳ್ಳು ಹೇಳುವಾಗ ಅಷ್ಟು ಮುದ್ದಾಗಿ ಹೇಳ್ದೋಳು ನಿಜ ಹೇಳುವಾಗ ಯಾಕೆ ಸಿಡುಕ್ಬೇಕು? ನಾನು ಹಲ್ಲಿನ ಡಾಕ್ಟ್ರ ಹತ್ರ ಕೆಲಸಕ್ಕಿದ್ದೋಳು. ನೋವಾಗಲ್ಲ ಅಂತ ಹೇಳಿ ಒಳಗೆ ಕರ್ಕೊಂಡು ಹೋಗ್ತಿದ್ದೆ. ನೋವು ಆಗೇ ಆಗ್ತಿತ್ತು. ಹೊರಗೆ ಬಂದ ಮೇಲೆ ಸುಳ್ಳು ಹೇಳ್ದೆ ಕಂದಾ ಅಂತ ಒಪ್ಕೋತಿದ್ದೆ. ಹಲ್ಲು ಕಿತ್ತಾದ ಮೇಲೆ ಮಗೂನ ಯಾರಾದ್ರೂ ಗದರ್ತಾರಾ? ಆಗ್ಲೇ ಅಲ್ವಾ ಅದನ್ನ ಎತ್ಕೋಬೇಕಾಗಿರೋದು?"

ಮೇಡಂ ಮತ್ತೆ ಬಗ್ಗಿ ಗುಂಡಿ ಒತ್ತಿದಳು. "ನಿಮಗೆ ಹೇಗೆ ಬರುತ್ತೋ ಹಾಗೆ ಹೇಳಿ," ಎಂದಳು.

ಅಮ್ಮ ಹೆಡ್‌ಫೋನ್ ಸರಿಮಾಡಿಕೊಂಡು ಪರದೆಯನ್ನು ಬಿಟ್ಟು ಗಾಜಿನ ಕಡೆ ತಿರುಗಿದಳು. ಒಳಗೆ ಬೆಳಕು ಹೆಚ್ಚು, ಈಚೆಗೆ ಕಡಿಮೆ, ಅವಳಿಗೆ ಅವನು ಕಾಣುತ್ತಿದ್ದನೋ ಇಲ್ಲವೋ. ಮೆಲ್ಲಗೆ ಶುರುಮಾಡಿದಳು. "ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು, ಕಂದಾ." ಬರೆದದ್ದರಲ್ಲಿ ಮಕ್ಕಳೇ ಎಂದಿತ್ತು. ಕಿವಿಯಣ್ಣ ಅವನ ಕಡೆ ತಿರುಗಿದ. ಅವನು ಕೈ ಎತ್ತಿ ತಡೆದ. "ಅಪ್ಪ ಯಾವ ಸಮುದ್ರಕ್ಕೂ ಹೋಗಿರ್ಲಿಲ್ಲ. ನಮ್ಮನ್ನ ಬಿಟ್ಟು ಹೋಗಿದ್ರು, ಅಷ್ಟೆ. ಇದೇ ಊರಲ್ಲಿ ಇನ್ನೊಂದು ಮನೆ ಮಾಡಿದ್ರು. ಒಂದು ಸಲಾನೂ ಫೋನ್ ಮಾಡಿಲ್ಲ. ನೀನು ಮಲಗಿದ್ದಾಗ ಬಂತು ಅಂತಿದ್ನಲ್ಲ, ಅವೆಲ್ಲ ಅನ್ನಕ್ಕಿಟ್ಟು ನಿಂತಿರುವಾಗ ನಾನೇ ಕಟ್ಟಿದ ಮಾತು. ಮೀನು ಹಾರೋದು ಕೂಡ. ಕೆಮ್ಮು ವಾಸಿಯಾಯ್ತಾ ಅಂತ ಕೇಳಿದ್ದೂ ನಾನೇ. ಸ್ವಲ್ಪ ದೊಡ್ಡೋನಾಗ್ಲಿ, ಹೇಳೋಣ ಅಂತಿದ್ದೆ. ದೊಡ್ಡೋನಾದ ಮೇಲೆ ನೀನು ಕೇಳ್ಲೇ ಇಲ್ಲ. ಕೇಳ್ಲಿಲ್ವಲ್ಲ ಅಂತ ನಾನೂ ಬಾಯಿ ಬಿಡ್ಲಿಲ್ಲ. ಹೆದರಿಕೆ. ಬಾಗಿಲು ತೆಗೆದ್ರೆ ನೀನೂ ಆ ಕಡೆಗೇ ಹೋಗಿಬಿಟ್ರೆ ಅಂತ."

ಹಿಂದೆ ಸೋಫಾ ಕಿರುಗುಟ್ಟಿತು. ಮೇಡಂ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದಳು, ಫೋನೇನೂ ಬಂದಿರಲಿಲ್ಲ. ಪಕ್ಕದ ಕೋಣೆಯ ಹೊಟ್ಟೆಯ ಸದ್ದನ್ನೂ ಬಿಡದ ಕಿವಿಯಣ್ಣ ಸ್ಪೀಕರಿನ ದನಿ ತಗ್ಗಿಸಿ, ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟು, ಗೋಡೆಯ ಕಡೆ ಮುಖ ಮಾಡಿ ಕೂತ. ಗಾಜಿನ ಆಚೆ ಅಮ್ಮ ಮದುವೆಯ ಬಟ್ಟೆಯಲ್ಲಿ ಒಬ್ಬಳೇ ಕಾಯುತ್ತಿದ್ದಳು. ನೀವು ಯಾರೂ ತಳ್ಳಿ ನೋಡಲಿಲ್ಲ ಎಂದು ಬರೆದವನು ಅವನೇ. ಅದೊಂದು ದೊಡ್ಡ ತಪ್ಪು, ಹಾಗೆ ಬರೆಯಲು ಮನುಷ್ಯನಿಗೆ ತನ್ನದೇ ಬದುಕು ಮರೆತಿರಬೇಕು. ಒಬ್ಬ ಹುಡುಗ ತಳ್ಳಿದ್ದ. ಬೀಗವಿಲ್ಲ ಎಂದು ನೋಡಿದ್ದ, ಹೊರಗಿನ ಗಾಳಿಯನ್ನೂ ಕುಡಿದಿದ್ದ. ಆಮೇಲೆ ಸದ್ದಾಗದ ಹಾಗೆ ಬಾಗಿಲು ಮುಚ್ಚಿಕೊಂಡು ಒಳಗೆ ಬಂದು, ಆ ದನಿಯ ಪಕ್ಕ ಕೂತು, ಮುಂದಿನದನ್ನು ಹೇಳು ಎಂದಿದ್ದ. ಮೋಸಹೋಗಿ ಅಲ್ಲ. ಅವಳ ಮೇಲೆ ಅವನಿಗೆ ಅಷ್ಟು ಪ್ರೀತಿಯಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಬರೀ ಸಿಟ್ಟನ್ನು ಇಟ್ಟುಕೊಂಡಿದ್ದ.

ಗುಂಡಿ ಒತ್ತಿದ. "ಗೊತ್ತಿತ್ತಮ್ಮ."

ಅಮ್ಮ ಬೆಚ್ಚಿದಳು. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. "ಯಾವಾಗಿಂದ?"

"ಆರನೇ ಕ್ಲಾಸಿಂದ. ಊರಿನ ಆ ತುದೀಲಿ ಒಂದು ಕ್ಷೌರದಂಗಡೀಲಿ ನೋಡ್ದೆ. ಜೊತೇಲಿ ಒಂದು ಚಿಕ್ಕ ಹುಡುಗಿ ಇತ್ತು."

"ಆರನೇ ಕ್ಲಾಸಾ?" ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಆ ವರ್ಷದ ಮೇಲೆ ಹೇಳಿದ ಕಥೆಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಿರಬೇಕು. ಮುಖ ಕೆಂಪಾಯಿತು, ಚಿಕ್ಕ ಹುಡುಗಿಗೆ ಆಗುವ ಹಾಗೆ. "ಥೂ, ಮತ್ತೆ ಸುಮ್ನೆ ಕೂತು ಕೇಳ್ತಿದ್ಯಲ್ಲೋ, ಕಳ್ಳ! ಏನಂದ್ರು ಏನಂದ್ರು ಅಂತ ಬೇರೆ."

"ನೀನು ಹೇಳೋದು ಚೆನ್ನಾಗಿತ್ತು."

ಅಮ್ಮ ನಕ್ಕಳು. ನಗುತ್ತಾ ಇದ್ದ ಹಾಗೇ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅವನೂ ಗುಂಡಿಯ ಮೇಲಿನ ಬೆರಳು ತೆಗೆಯದೆ ತೋಳಿನಿಂದ ಮೂಗೊರೆಸಿಕೊಂಡ. ಇನ್ನು ಏನೂ ಉಳಿದಿಲ್ಲ, ಎಲ್ಲ ಬಾಗಿಲೂ ತೆರೆದಾಯಿತು ಎಂದು ಮೈ ಹಗುರಾಗುತ್ತಿದ್ದಾಗ ಅಮ್ಮ ಕನ್ನಡಕವನ್ನು ಕೈಯಲ್ಲೇ ಹಿಡಿದುಕೊಂಡು, ಬರಿಗಣ್ಣಿನಿಂದ ಗಾಜಿನ ಕತ್ತಲ ಕಡೆ ನೋಡುತ್ತಾ ಕೇಳಿದಳು. ಸ್ಪೀಕರಿನ ದನಿ ತಗ್ಗಿದ್ದರಿಂದ ಅವನು ಬಗ್ಗಿ ಕೇಳಬೇಕಾಯಿತು.

"ಅವತ್ತು ಅವ್ರು ನಿನ್ನ ನೋಡಿದ್ರಾ?"

ಕ್ಷೌರದಂಗಡಿಯ ಕುರ್ಚಿ ಕನ್ನಡಿಗೆ ಎದುರಾಗಿರುತ್ತದೆ. ಕನ್ನಡಿಯಲ್ಲಿ ಬಾಗಿಲು ಕಾಣುತ್ತದೆ. ಬಾಗಿಲಲ್ಲಿ, ಮಣಿಗಳ ನಡುವೆ, ಸಮವಸ್ತ್ರ ಹಾಕಿಕೊಂಡ ಹುಡುಗ ಕಾಣುತ್ತಾನೆ. ನೊರೆಯ ಮೇಲಿನ ಎರಡು ಕಣ್ಣು ಅವನನ್ನು ನೋಡಿದ್ದವು. ಬೇರೆ ಯಾರೋ ಎಂದುಕೊಳ್ಳಲು ಆಗದಷ್ಟು ಹೊತ್ತು ನೋಡಿದ್ದವು. ಆಮೇಲೆ ಕತ್ತಿ ಕೆನ್ನೆಯ ಹತ್ತಿರ ಬರುವ ಮುಂಚೆಯೇ ಮುಚ್ಚಿಕೊಂಡಿದ್ದವು. ಅವು ಮತ್ತೆ ತೆರೆಯುತ್ತವೇನೋ ಎಂದು ಹುಡುಗ ಕಾದಿದ್ದ. ಒಂದು ಕೆನ್ನೆ ಮುಗಿಯಿತು, ಇನ್ನೊಂದು ಕೆನ್ನೆ ಮುಗಿಯಿತು. ಕಣ್ಣು ತೆರೆಯಲಿಲ್ಲ.

"ಇಲ್ಲಮ್ಮ," ಎಂದ. "ಬಾಗಿಲಿಗೆ ಬೆನ್ನು ಮಾಡಿ ಕೂತಿದ್ರು."

ಅಮ್ಮ ಇಡೀ ಮೈಯಿಂದ ಉಸಿರು ಬಿಟ್ಟಳು. "ಸದ್ಯ," ಎಂದಳು.